ಗಾಡಿ ಎಣಿಸುವ ಬಜಾರು

ಸೈಕಲ್ ಮೇಲೆ ಬಂದವನು ಬಡ ಗಿರಾಕಿ, ಕಾರಿನಿಂದ ಇಳಿದವನು ದೊಡ್ಡ ಗಿರಾಕಿ ಎಂಬ ಮಾತಿಗೆ ಬಾಗಲಕೋಟೆ ಜಿಲ್ಲೆಯ ಬಜಾರುಗಳಲ್ಲಿ ಸಾಕ್ಷಿ ಕೇಳುವವರಿಲ್ಲ. ಗಲ್ಲೆಯ ಮೇಲೆ ಕುಳಿತವರ ವಾದ ಒಂದೇ ಸಾಲಿನದು: "ಗಾಡಿ ಹಚ್ಚಾಕ ಜಾಗಾ ಇಲ್ಲಂದ್ರ ಗಿರಾಕಿ ಯಾಕ ಬರ್ತಾನ್ರಿ?" ಉಳಿದ ಬೇಡಿಕೆಗಳೆಲ್ಲ ಈ ಸಾಲಿನಿಂದಲೇ ಹುಟ್ಟುತ್ತವೆ. ರಸ್ತೆ ಅಗಲವಾಗಬೇಕು, ಬೇವಿನ ಮರ ಹೋಗಬೇಕು, ತಳ್ಳುಗಾಡಿಯವರು ಸರಿಯಬೇಕು, ಫುಟ್‌ಪಾತು ಪಾರ್ಕಿಂಗಿಗೆ ಸಿಗಬೇಕು. ಸೈಕಲ್ಲಿನ ವಿಷಯ ಬಂದರೆ ಅದು ಪರಿಸರದ ಮಾತು, ಆರೋಗ್ಯದ ಮಾತು, ಶಾಲೆಯ ಮಕ್ಕಳ ಮಾತು. ವ್ಯಾಪಾರದ ಮಾತಂತೂ ಅಲ್ಲ. ಪುರಸಭೆಯ ಸಭೆಯಲ್ಲೂ, ವರ್ತಕರ ಮನವಿಪತ್ರದಲ್ಲೂ, ಪತ್ರಿಕೆಯ ವಾಚಕರ ವಾಣಿಯಲ್ಲೂ ಇದೇ ಧಾಟಿ. ಈ ಧಾಟಿ ನ್ಯಾಯವೋ ಅನ್ಯಾಯವೋ ಎಂಬುದು ಬೇರೆ ಚರ್ಚೆ. ಅದು ಲೆಕ್ಕದಲ್ಲೇ ತಪ್ಪು, ಕಿರ್ದಿ-ಖಾತೆ ಬರೆಯುವವರು ಮಾಡಬಾರದಂಥ ತಪ್ಪು.

ಮೊದಲು ಗಿರಾಕಿಗಳ ಎಣಿಕೆ. ಮನೆಯಲ್ಲಿ ಯಾವ ವಾಹನವಿದೆ ಎಂದು 2011ರ ಜನಗಣತಿ ದೇಶದಾದ್ಯಂತ ಕೇಳಿತ್ತು. ನೂರಕ್ಕೆ ಸುಮಾರು 45 ಮನೆಗಳಲ್ಲಿ ಸೈಕಲ್, 21ರಲ್ಲಿ ಬೈಕು ಅಥವಾ ಸ್ಕೂಟರು, 5ಕ್ಕಿಂತ ಕಡಿಮೆ ಮನೆಗಳಲ್ಲಿ ಕಾರು ಇದ್ದವು. ಅದೇ ಗಣತಿಯ ಪ್ರಕಾರ, ಹೊಲದ ಮತ್ತು ಗೃಹಕೈಗಾರಿಕೆಯ ಕೆಲಸ ಬಿಟ್ಟು ಉಳಿದ ಉದ್ಯೋಗ ಮಾಡುವವರಲ್ಲಿ ಶೇ 13ರಷ್ಟು ಜನ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರು, ಅದಕ್ಕಿಂತ ತುಸು ಕಡಿಮೆ ಜನ ಬೈಕಿನಲ್ಲಿ. ಕಾರಿನವರು ಶೇ 3ಕ್ಕೂ ಕಡಿಮೆ. ಆಮೇಲೆ ಚಿತ್ರ ಬದಲಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅರ್ಧದಷ್ಟು ಮನೆಗಳಿಗೆ ಬೈಕು ಬಂದಿತ್ತು. ಆಗಲೂ ಕಾರಿದ್ದ ಮನೆಗಳು ನೂರಕ್ಕೆ ಎಂಟರ ಆಸುಪಾಸು. ಇದು ದಿಲ್ಲಿ, ಬೆಂಗಳೂರುಗಳೂ ಸೇರಿದ ಸರಾಸರಿ. ಬಾದಾಮಿ, ಹುನಗುಂದದಂಥ ಊರುಗಳು ಅದನ್ನು ಮೀರಿಸಿವೆ ಎನ್ನಲು ಕಾರಣ ಕಾಣದು. ಹಾಗಿದ್ದ ಮೇಲೆ ಕಿರಾಣಿ, ಬಟ್ಟೆ, ಪಾತ್ರೆ, ಔಷಧ, ಚಪ್ಪಲಿ, ಬೀಜ-ಗೊಬ್ಬರದ ಅಂಗಡಿಗಳ ದಿನದ ಗಲ್ಲೆ ತುಂಬುತ್ತಿರುವುದು ಯಾರಿಂದ? ನಡೆದು ಬಂದವರಿಂದ, ಬಸ್ಸು ಟಂಟಂ ಇಳಿದು ಬಂದವರಿಂದ, ಬೈಕಿನವರಿಂದ, ಸೈಕಲ್ಲಿನವರಿಂದ. ಕಾರಿಗಾಗಿ ಬಜಾರನ್ನು ಕೆತ್ತುವುದೆಂದರೆ ತೊಂಬತ್ತು ಚಿಲ್ಲರೆ ಜನರನ್ನು ಬಿಸಿಲಿಗೆ ನಿಲ್ಲಿಸಿ ಎಂಟು ಜನರಿಗೆ ಚಾಪೆ ಹಾಸಿದಂತೆ.

ಪೈಸೆ ಪೈಸೆಗೂ ಲೆಕ್ಕ ಇಡುವ ವರ್ತಕರು ಇಲ್ಲೇ ಯಾಕೆ ಎಡವುತ್ತಾರೆ? ಇದು ಬಾಗಲಕೋಟೆಯ ದಡ್ಡತನವಲ್ಲ. ಜಗತ್ತಿನ ಎಷ್ಟೋ ಬಜಾರುಗಳು ಹೀಗೇ ಎಡವಿವೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅಂಗಡಿಕಾರರು ತಮ್ಮ ಗಿರಾಕಿಗಳಲ್ಲಿ ಶೇ 41 ಮಂದಿ ಕಾರಿನಲ್ಲಿ ಬರುತ್ತಾರೆ ಎಂದರು; ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು ಶೇ 22. ಬರ್ಲಿನ್ ನಗರದ ಎರಡು ಬೀದಿಗಳ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತರ ಇನ್ನೂ ದೊಡ್ಡದು: ಅಂಗಡಿಕಾರರ ಅಂದಾಜು ಶೇ 22ರ ಹತ್ತಿರ, ನಿಜ ಶೇ 7ಕ್ಕೂ ಕಡಿಮೆ. ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ಕಿಲೋಮೀಟರಿನೊಳಗೆ ಮನೆಯಿದ್ದವರು; ಅಂಥವರು ಎಂಟರಲ್ಲೊಬ್ಬರು ಇದ್ದಾರು ಎಂದು ಅಂಗಡಿಕಾರರು ತಿಳಿದಿದ್ದರು.

ತಪ್ಪಿನ ಮೂಲ ಕಣ್ಣಿನಲ್ಲಿದೆ. ಕಾರಿನ ಗಿರಾಕಿ ಬಂದನೆಂದರೆ ಹಾರ್ನು, ಹಿಂದೆ ಸಿಕ್ಕಿಕೊಂಡವರ ಬೈಗುಳ, ಅಂಗಡಿಯ ಹುಡುಗ ಓಡಿಹೋಗಿ ಕೈಬೀಸುತ್ತ "ಹಿಂದ ಬರ್ರಿ, ಹಿಂದ ಬರ್ರಿ, ಸಾಕು" ಎನ್ನುವುದು, ಬಾಗಿಲು ಬಡಿದ ಸದ್ದು. ಇಷ್ಟೆಲ್ಲ ಆಗಿ ಅವನು ಕೊಳ್ಳುವುದು ಒಂದು ಟೂತ್‌ಪೇಸ್ಟೇ ಆದರೂ ಆ ಭೇಟಿ ನೆನಪಿನಲ್ಲಿ ಕೂರುತ್ತದೆ. ಸೈಕಲ್ಲಿನವನು ಕಂಬಕ್ಕೆ ಸೈಕಲ್ ಒರಗಿಸಿ, ಕಾಲು ಕಿಲೋ ಬೆಲ್ಲ, ಅರ್ಧ ಕಿಲೋ ತೊಗರಿಬೇಳೆ, ಒಂದು ಸಾಬೂನು ಕಟ್ಟಿಸಿಕೊಂಡು ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಹೋಗಿಬಿಟ್ಟಿರುತ್ತಾನೆ. ಜಾಗ ಸಿಗದೆ ಕಾರಿನವನು ಮುಂದೆ ಹೋದದ್ದನ್ನು ಅಂಗಡಿಕಾರ ತಿಂಗಳುಗಟ್ಟಲೆ ಹೇಳಿಕೊಂಡು ಓಡಾಡುತ್ತಾನೆ. ಲಾರಿಗೆ ಅಂಜಿ ಸೈಕಲ್ಲಿನವನು ಆ ರಸ್ತೆಗೆ ಬರುವುದನ್ನೇ ಬಿಟ್ಟದ್ದು ಯಾರ ಗಮನಕ್ಕೂ ಬರುವುದಿಲ್ಲ.

ಜಾಗದ ಲೆಕ್ಕವನ್ನಂತೂ ಅಡಿಕೋಲು ಹಿಡಿದೇ ನೋಡಬಹುದು. ಹಳೆಯ ಪೇಟೆಯ ಅಂಗಡಿಯ ಮುಖ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ಅಡಿ. ಮಾರುತಿ ಆಲ್ಟೊದಂಥ ಪುಟ್ಟ ಕಾರಿನ ಉದ್ದವೇ ಹನ್ನೊಂದು ಅಡಿ ದಾಟುತ್ತದೆ. ದೊಡ್ಡ ಕಾರು ಹದಿಮೂರು, ಹದಿನಾಲ್ಕು. ಅದು ಬಾಗಿಲ ಮುಂದೆ ಅಡ್ಡಲಾಗಿ ನಿಂತರೆ ಅಂಗಡಿಗೆ ಮುಖವೇ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಬರೆಸಿದ ಬೋರ್ಡಿನ ಕೆಳಗೆ, ಗಾಜಿನೊಳಗೆ ಗೊಂಬೆಗೆ ಉಡಿಸಿದ ಸೀರೆಯ ಮುಂದೆ, ಯಾರದೋ ಧೂಳು ಹಿಡಿದ ಬಾನೆಟ್ಟು. ಎದುರು ಬದಿಯಲ್ಲಿ ನಡೆಯುವವರಿಗೆ ಸೀರೆ ಕಾಣದು, ಈ ಬದಿಯವರಿಗೆ ಒಳಗೆ ಬರಲು ಸಂದಿ ಹುಡುಕಬೇಕು. ಅಷ್ಟೇ ನೆಲದಲ್ಲಿ ಎಂಟು ಹತ್ತು ಸೈಕಲ್ ನಿಂತು, ನಡುವೆ ಹಾದಿಯೂ ಉಳಿಯುತ್ತದೆ. ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದ ಲಿಗನ್ ಬೀದಿಯಲ್ಲಿ ಇದನ್ನು ಹಣಕ್ಕೆ ಇಳಿಸಿ ನೋಡಿದ್ದಾರೆ. ಸೈಕಲ್ಲಿಗೆ ಬಿಟ್ಟ ಒಂದು ಚದರ ಮೀಟರ್ ಜಾಗ ಗಂಟೆಗೆ 31 ಡಾಲರ್ ವ್ಯಾಪಾರ ತಂದರೆ, ಕಾರಿಗೆ ಬಿಟ್ಟದ್ದು ತಂದದ್ದು 6 ಡಾಲರ್. ಕಾರಿನವನೇ ಒಂದು ಸಲಕ್ಕೆ ಹೆಚ್ಚು ಕೊಳ್ಳುತ್ತಿದ್ದ. ಆದರೆ ಅವನೊಬ್ಬನಿಗೆ ಬೇಕಾದ ಜಾಗದಲ್ಲಿ ಎಷ್ಟು ಜನ ಬಂದುಹೋಗಬಹುದಿತ್ತು ಎಂಬುದೇ ಅಲ್ಲಿಯ ಪ್ರಶ್ನೆ.

ಅಂಗಡಿಯ ಮುಂದೆ ನಿಂತ ಆ ಕಾರು ಗಿರಾಕಿಯದ್ದೇ ಎಂದುಕೊಳ್ಳುವುದೂ ಒಂದು ಭ್ರಮೆ. ಬೆಳಿಗ್ಗೆ ಹತ್ತಕ್ಕೆ ಬಂದು ನಿಂತು ರಾತ್ರಿ ಒಂಬತ್ತಕ್ಕೆ ಹೊರಡುವ ಗಾಡಿ ಯಾರದ್ದಿರುತ್ತದೆ ಎಂದು ಬಜಾರಿನ ಚಹಾದ ಹುಡುಗನನ್ನು ಕೇಳಿದರೆ ಸಾಕು. ಬಹಳ ಸಲ ಅದು ಅಂಗಡಿಯ ಮಾಲೀಕನದ್ದು, ಇಲ್ಲವೇ ಪಕ್ಕದ ಅಂಗಡಿಯವನದ್ದು. ಪಾರ್ಕಿಂಗಿಗಾಗಿ ಮನವಿ ಬರೆಯುವ ಕೈಯಲ್ಲೇ ಆ ಗಾಡಿಯ ಕೀಲಿಕೈ ಇರುತ್ತದೆ.

ಸೈಕಲ್ಲಿನವನು ಕೊಳ್ಳುವುದು ಕಡಿಮೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕೆಲ್ಲಿ ಕ್ಲಿಫ್ಟನ್ ಮತ್ತು ಸಂಗಡಿಗರು 2012ರ ಸುಮಾರಿಗೆ ನಡೆಸಿದ ಅಧ್ಯಯನ ಅದನ್ನೇ ತೋರಿಸಿತು: ಸೂಪರ್‌ಮಾರ್ಕೆಟಿನಲ್ಲಿ ಕಾರಿನವರು ಒಂದು ಭೇಟಿಗೆ ಹೆಚ್ಚು ಖರ್ಚು ಮಾಡುತ್ತಾರೆ. ಆದರೆ ಹೋಟೆಲು, ಸಣ್ಣ ಅಂಗಡಿಗಳಲ್ಲಿ ಸೈಕಲ್ಲಿನವರು ಮತ್ತೆ ಮತ್ತೆ ಬರುವುದರಿಂದ ತಿಂಗಳ ಖರ್ಚಿನಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಉದ್ರಿ ಪುಸ್ತಕ ಇಟ್ಟ ಯಾವ ಕಿರಾಣಿ ಸಾವಕಾರನಿಗೂ ಇದನ್ನು ಪೋರ್ಟ್‌ಲ್ಯಾಂಡಿನಿಂದ ತಿಳಿಸಬೇಕಾಗಿಲ್ಲ. ಅಂಗಡಿ ಬದುಕುವುದು ದಿನಾ ಬರುವವರಿಂದ. ಇಲ್ಲಿ ಸೈಕಲ್ ಪರವಾಗಿ ಮಾತನಾಡುವವರ ಒಂದು ಚಟವನ್ನೂ ಹೇಳಬೇಕು. ನ್ಯೂಯಾರ್ಕಿನ ಒಂಬತ್ತನೇ ಅವೆನ್ಯೂದಲ್ಲಿ ಸೈಕಲ್ ಪಥ ಮಾಡಿದ ಮೇಲೆ ಒಂದು ಭಾಗದ ಅಂಗಡಿಗಳ ಮಾರಾಟ ಶೇ 49ರವರೆಗೆ ಏರಿತು ಎಂಬ ಅಂಕಿಯನ್ನು ಅವರು ಎಲ್ಲ ಕಡೆ ಎಸೆಯುತ್ತಾರೆ. ಅದೇ ಕಾಲದಲ್ಲಿ ಆ ಭಾಗದಲ್ಲಿ ಬೇರೆ ಏನೇನು ಬದಲಾಯಿತು ಎಂದು ಕೇಳದೆ ಏರಿಕೆಯೆಲ್ಲ ಸೈಕಲ್ಲಿನ ಪುಣ್ಯ ಎನ್ನುವುದು, ಏರಿಕೆಯೆಲ್ಲ ಪಾರ್ಕಿಂಗಿನ ಪುಣ್ಯ ಎನ್ನುವವರ ತಪ್ಪಿನದ್ದೇ ಇನ್ನೊಂದು ಮುಖ.

ಪರದೇಶದ ಈ ಅಧ್ಯಯನಗಳು ಬಾಗಲಕೋಟೆಗೆ ಪೂರ್ತಿ ಹೊಂದುವುದಿಲ್ಲ ಎಂಬುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಅಲ್ಲಿ ಪೈಪೋಟಿ ಸೈಕಲ್ಲಿಗೂ ಕಾರಿಗೂ. ಇಲ್ಲಿ ಸೈಕಲ್ಲನ್ನು ಮನೆಯ ಹಿತ್ತಲಿಗೆ ಒರಗಿಸಿದ್ದು ಕಾರಲ್ಲ, ಬೈಕು. ಬೈಕು ಜಾಗವನ್ನೂ ಹೆಚ್ಚು ತಿನ್ನುವುದಿಲ್ಲ. ಹಾಗಾದರೆ ಬೈಕು ಬಂದದ್ದರಿಂದ ಊರ ಬಜಾರಿಗೆ ಲಾಭವೇ ಆಯಿತಲ್ಲ ಎಂದು ಕೇಳಬಹುದು. ವಾಡಿಕೆಯ ನಂಬಿಕೆ ಅಡಗಿ ಕೂರುವ ಗಟ್ಟಿ ಜಾಗ ಇದೇ. ಅದನ್ನು ಇಲ್ಲಿಯೇ ಹಿಡಿಯಬೇಕು.

ಬೈಕು ಗಿರಾಕಿಯನ್ನು ಬಜಾರಿಗೆ ತರುತ್ತದೆ, ನಿಜ. ಆದರೆ ಯಾವ ಬಜಾರಿಗೆ? ಸೈಕಲ್ಲಿನ ಹರವು ಐದಾರು ಕಿಲೋಮೀಟರು. ಸೈಕಲ್ ತುಳಿಯುವವನ ಸಾಮಾನು, ಚಹಾ, ಕ್ಷೌರ, ಗುಳಿಗೆ, ಮಗಳ ಬಳೆ ಎಲ್ಲವೂ ಊರೊಳಗೇ ಆಗಬೇಕು. ಬೈಕಿಗೆ ಮೂವತ್ತು ನಲವತ್ತು ಕಿಲೋಮೀಟರು ಲೆಕ್ಕಕ್ಕಿಲ್ಲ. ಗುಳೇದಗುಡ್ಡದವನು ತನ್ನೂರಿನ ಅಂಗಡಿಯ ಮುಂದೆಯೇ ಹಾದು ಬಾಗಲಕೋಟೆಗೆ ಹೋಗುತ್ತಾನೆ, ಹುನಗುಂದದವನು ಇಳಕಲ್ಲಿಗೆ ಹೋಗುತ್ತಾನೆ, ಬಾಗಲಕೋಟೆಯವನು ದೊಡ್ಡ ಖರೀದಿಗೆ ಹುಬ್ಬಳ್ಳಿಯ ಹಾದಿ ಹಿಡಿಯುತ್ತಾನೆ. ಅಂಗಡಿಯ ಮುಂದೆ ಬೈಕುಗಳ ಸಾಲು ನೋಡಿ ಹಿಗ್ಗುವ ವರ್ತಕ, ಅಂಥವೇ ಬೈಕುಗಳ ಮೇಲೆ ಊರು ದಾಟಿಹೋದ ಗಿರಾಕಿಗಳನ್ನು ನೋಡಿರುವುದಿಲ್ಲ. ದೊಡ್ಡ ಊರಿಗೆ ಲಾಭ, ಸಣ್ಣ ಊರಿಗೆ ಲುಕ್ಸಾನು. ಆ ದೊಡ್ಡ ಊರಿಗೂ ಅದಕ್ಕಿಂತ ದೊಡ್ಡದೊಂದು ಇರುತ್ತದೆ. ಬಡವನನ್ನು ಊರಲ್ಲೇ ಕಟ್ಟಿಹಾಕಿ ಅವನಿಂದ ಲಾಭ ಮಾಡಿಕೊಳ್ಳಿ ಎಂಬ ಅರ್ಥ ಇದಕ್ಕೆ ಬರಬಾರದು. ಬೈಕು ಕೊಂಡವನಿಗೆ ದೂರ ಹೋಗುವ ಹಕ್ಕಿದೆ. ಅವನ ಬೈಕು ತನ್ನ ಅಂಗಡಿಯ ಭಾಗ್ಯ ಎಂದು ಸಣ್ಣ ಊರಿನ ವರ್ತಕ ತಿಳಿದುಕೊಂಡದ್ದು ಮಾತ್ರ ಸುಳ್ಳು.

ಇನ್ನು ಪೆಟ್ರೋಲು. ಲೀಟರಿನ ದರ ನೂರು ರೂಪಾಯಿ ದಾಟಿ ಕಾಲವಾಯಿತು. ಒಂದು ಊರಿನಲ್ಲಿ ಹತ್ತು ಸಾವಿರ ಬೈಕುಗಳಿವೆ, ಪ್ರತಿಯೊಂದೂ ದಿನಕ್ಕೆ ಅರ್ಧ ಲೀಟರ್ ಕುಡಿಯುತ್ತದೆ ಎಂದು ಹಿಡಿದರೆ ದಿನಕ್ಕೆ ಐದು ಲಕ್ಷ, ವರ್ಷಕ್ಕೆ ಹದಿನೆಂಟು ಕೋಟಿ ರೂಪಾಯಿ. ಲಕ್ಷ ಜನರ ಊರಿಗೆ ಹತ್ತು ಸಾವಿರ ಬೈಕು ಹೆಚ್ಚಿನ ಅಂದಾಜೇನಲ್ಲ. 2011ರಲ್ಲೇ ಬಾಗಲಕೋಟೆಯ ಜನಸಂಖ್ಯೆ ಒಂದು ಲಕ್ಷ ಹನ್ನೊಂದು ಸಾವಿರ ದಾಟಿತ್ತು. ಈ ಹಣದಲ್ಲಿ ಊರಿನಲ್ಲಿ ಉಳಿಯುವುದು ಬಂಕಿನವನ ಕಮಿಷನ್, ಲೀಟರಿಗೆ ನಾಲ್ಕು ರೂಪಾಯಿಯ ಆಸುಪಾಸು, ಮತ್ತು ಪಂಪಿನ ಹುಡುಗರ ಪಗಾರು. ಉಳಿದದ್ದು ತೆರಿಗೆಯಾಗಿ ದಿಲ್ಲಿಗೂ ಬೆಂಗಳೂರಿಗೂ, ಕಚ್ಚಾತೈಲದ ಬೆಲೆಯಾಗಿ ಕೊಲ್ಲಿಯ ಕಡೆಗೂ ಹೋಗುತ್ತದೆ. ತೆರಿಗೆಯ ಒಂದು ಪಾಲು ಯಾವುದೋ ಯೋಜನೆಯ ರೂಪದಲ್ಲಿ ತಿರುಗಿ ಬಂದೀತು. ಅದು ಬಜಾರಿನ ಗಲ್ಲೆಗೆ ಬರುವುದಿಲ್ಲ. ಅದೇ ಮನೆಯವರು ಊರೊಳಗಿನ ಓಡಾಟದ ಅರ್ಧವನ್ನಾದರೂ ಸೈಕಲ್ಲಿನಲ್ಲಿ ಮುಗಿಸಿದರೆ ತಿಂಗಳಿಗೆ ಐದಾರು ನೂರು ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಸಣ್ಣ ಆದಾಯದ ಮನೆಯಲ್ಲಿ ಉಳಿದ ದುಡ್ಡು ಬ್ಯಾಂಕಿಗೆ ಹೋಗುವುದು ಕಡಿಮೆ. ಹಾಲಾಗಿ, ಎಣ್ಣೆಯಾಗಿ, ನೋಟ್‌ಬುಕ್ಕಾಗಿ, ಸಂಜೆಯ ಮಿರ್ಚಿಭಜಿಯಾಗಿ ಅದೇ ಬಜಾರಿಗೆ ಬೀಳುತ್ತದೆ. ವರ್ತಕರು ನಿಜವಾಗಿ ಅಸೂಯೆಪಡಬೇಕಾದದ್ದು ಪಕ್ಕದ ಅಂಗಡಿಯ ಮೇಲಲ್ಲ, ಊರ ಹೊರಗಿನ ಪೆಟ್ರೋಲ್ ಬಂಕಿನ ಮೇಲೆ.

ಸೈಕಲ್ಲೇನು ಬಾಗಲಕೋಟೆಯಲ್ಲಿ ತಯಾರಾಗುತ್ತದೆಯೇ ಎಂದರೆ, ಇಲ್ಲ. ಅದು ಬಹುಪಾಲು ಪಂಜಾಬಿನ ಲುಧಿಯಾನಾದಿಂದ ಬರುತ್ತದೆ, ಕೊಂಡ ದಿನ ಹಣ ಅತ್ತ ಹೋಗುತ್ತದೆ. ಆದರೆ ಹತ್ತು ಹದಿನೈದು ವರ್ಷ ಅದನ್ನು ಓಡಿಸಿಡುವ ಕೈ ಊರಿನದೇ. ಸೈಕಲ್ ರಿಪೇರಿಯ ಡಬ್ಬಿ ಅಂಗಡಿಯ ಬಂಡವಾಳ ಒಂದು ಪಂಪು, ಕೆಲವು ಪಾನಾ, ಒಂದು ಬುಟ್ಟಿ ನೀರು. ಟ್ಯೂಬಿಗೆ ಗಾಳಿ ತುಂಬಿ ಬುಟ್ಟಿಯಲ್ಲಿ ಮುಳುಗಿಸಿ, ಸರದಿಯಲ್ಲಿ ಹಿಂಡುತ್ತ ಹೋದರೆ ಒಂದು ಕಡೆ ಗುಳುಗುಳು ಎಂದು ಗುಳ್ಳೆ ಏಳುತ್ತದೆ. ಜಾಲಿಮುಳ್ಳು. ಆ ತೂತಿಗೆ ಕಡ್ಡಿ ಚುಚ್ಚಿ ಗುರುತಿಟ್ಟು, ಅರದಿಂದ ಉಜ್ಜಿ, ಸಲ್ಯೂಷನ್ ಸವರಿ, ಊದಿ ಆರಿಸಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ತುಂಡು ಅಂಟಿಸಿ, ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಕೆಲಸ ಮುಗಿಯಿತು. ಇಪ್ಪತ್ತೋ ಮೂವತ್ತೋ ರೂಪಾಯಿ. ಅದರಲ್ಲಿ ಊರ ಹೊರಗೆ ಹೋಗುವುದು ಸಲ್ಯೂಷನ್ನಿನ ಒಂದು ಹನಿಯ ಬೆಲೆ, ಉಳಿದದ್ದೆಲ್ಲ ಕೂಲಿ. ನೂರು ರೂಪಾಯಿಯ ಪೆಟ್ರೋಲಿನಲ್ಲಿ ಊರಿಗೆ ನಾಲ್ಕು ಉಳಿದರೆ, ಪಂಚರಿನ ದುಡ್ಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಉಳಿಯುತ್ತದೆ.

ಈ ಡಬ್ಬಿ ಅಂಗಡಿಗೆ ಒಂದು ಕಾಲದಲ್ಲಿ ಇನ್ನೂ ದೊಡ್ಡ ವ್ಯವಹಾರವಿತ್ತು. ಬಸ್‌ಸ್ಟ್ಯಾಂಡಿನ ಎದುರು ಸಾಲಾಗಿ ನಿಂತ ಬಾಡಿಗೆ ಸೈಕಲ್ಲುಗಳು, ಹಿಂದಿನ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ಒಯ್ದ ವೇಳೆ ತಂದ ವೇಳೆ ಗೀಚಿದ ಎಣ್ಣೆಗೈಯ ನೋಟ್‌ಬುಕ್ಕು. ಹಳ್ಳಿಯಿಂದ ಬಸ್ಸಿಗೆ ಬಂದವನು ಗಂಟೆಯ ಬಾಡಿಗೆಗೆ ಸೈಕಲ್ ತೆಗೆದುಕೊಂಡು ಕಚೇರಿ, ದವಾಖಾನೆ, ಪೇಟೆ ಎಲ್ಲವನ್ನೂ ಮುಗಿಸುತ್ತಿದ್ದ. ಪುರಸಭೆಗಳು ಸೈಕಲ್ಲಿಗೆ ಕರ ಹಾಕಿ ಬಿಲ್ಲೆ ಕೊಡುತ್ತಿದ್ದ ಕಾಲವದು. ಕರ ಹಾಕಿದರು ಎಂದರೆ ಅದನ್ನು ವ್ಯವಹಾರದ ಸಾಧನವೆಂದು ಒಪ್ಪಿಕೊಂಡಿದ್ದರು ಎಂದೇ ಅರ್ಥ. ಈಗ ಕರವೂ ಇಲ್ಲ, ಲೆಕ್ಕವೂ ಇಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾದಾಗ ರಿಪೇರಿಯ ಅಂಗಡಿಗಳಿಗೆ ಮತ್ತೆ ಜೀವ ಬಂದಿತ್ತು. ಟೆಂಡರಿನ ಸೈಕಲ್ಲು ಸಡಿಲವಾಗಿರುತ್ತದೆ ಎಂಬ ದೂರು ಆಗಾಗ ಕೇಳುತ್ತಿತ್ತು. ರಿಪೇರಿಯವರಿಗೆ ಅದೇನೂ ನಷ್ಟವಲ್ಲ. ಕೊರೊನಾ ಕಾಲದಲ್ಲಿ ವಿತರಣೆ ನಿಂತಾಗ ಚರ್ಚೆಯಾದದ್ದು ಮಕ್ಕಳ ಹಾಜರಾತಿಯ ಬಗ್ಗೆ ಮಾತ್ರ. ಪ್ರತಿವರ್ಷ ಜಿಲ್ಲೆಗೆ ಬರುತ್ತಿದ್ದ ಸಾವಿರಾರು ಸೈಕಲ್ಲುಗಳ ಮೇಲೆ ನಿಂತಿದ್ದ ಸಣ್ಣ ಕಸುಬಿನ ಬಗ್ಗೆ ಯಾವ ವರ್ತಕರ ಸಂಘವೂ ಸೊಲ್ಲೆತ್ತಿದಂತಿಲ್ಲ.

ಸೈಕಲ್ ಎಂದರೆ ಗಿರಾಕಿಯ ವಾಹನ ಎಂದಷ್ಟೇ ನೋಡುವುದೇ ಅರೆನೋಟ. ಇಳಕಲ್ಲಿನಲ್ಲಿ ಅದು ಉತ್ಪಾದನೆಯ ಉಪಕರಣ. ಇಳಕಲ್ ಸೀರೆ ಒಂದು ಸೂರಿನ ಕೆಳಗೆ ತಯಾರಾಗುವುದಿಲ್ಲ. ನೂಲಿಗೆ ಬಣ್ಣ ಹಾಕುವ ಮನೆ ಒಂದು, ಹಾಸು ಹೂಡುವ ಮನೆ ಇನ್ನೊಂದು, ಕಂಡಿಕೆ ಸುತ್ತುವ ಕೈ ಮತ್ತೊಂದು, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವವರು ಬೇರೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ಕೊಂಡಿಯ ಕೆಲಸ ಈ ಸೀರೆಯ ವಿಶೇಷ, ತೋಪು-ತೆನಿಯ ಕೆಂಪು-ಬಿಳಿ ಸೆರಗು ಬರುವುದು ಅಲ್ಲಿಂದಲೇ. ಕೊನೆಗೆ ಮಡಿಸಿದ ಸೀರೆ ಸಾವಕಾರನ ಗಾದಿಗೆ ಹೋಗಬೇಕು. ಒಂದು ಕಾರ್ಖಾನೆಯನ್ನು ಬಿಡಿಬಿಡಿಯಾಗಿ ಊರ ತುಂಬ ಹರಡಿದರೆ ಓಣಿಗಳೇ ಅದರ ಪಡಸಾಲೆಯಾಗುತ್ತವೆ. ಆ ಪಡಸಾಲೆಯಲ್ಲಿ ಲಡಿ, ಗಂಟು, ಹಾಸಿನ ಸುರುಳಿ ಸಾಗಲು ಸೈಕಲ್ಲಿನ ಕ್ಯಾರಿಯರಿಗಿಂತ ಅಗ್ಗದ ಗಾಡಿಯಿಲ್ಲ. ಮೂವತ್ತು ನಲವತ್ತು ಕಿಲೋ ಹೊರೆ ಹೊತ್ತು, ಕಾರು ತಿರುಗದ ಸಂದಿಯಲ್ಲಿ ಅದು ತಿರುಗುತ್ತದೆ. ಪವರ್‌ಲೂಮಿನ ಅಗ್ಗದ ನಕಲಿನ ಎದುರು ಒಂದೊಂದು ರೂಪಾಯಿಗೂ ಸೆಣಸುವ ಕೈಮಗ್ಗಕ್ಕೆ ಸಾಗಣೆಯ ಖರ್ಚು ಸಣ್ಣ ಮಾತಲ್ಲ. ಊರೊಳಗಿನ ಹಾದಿ ಸೈಕಲ್ಲಿಗೆ ಅಪಾಯವಾದರೆ ಆ ಖರ್ಚು ಸೀರೆಯ ಮೇಲೆ ಕೂರುತ್ತದೆ, ಇಲ್ಲವೇ ನೇಕಾರನ ಕೂಲಿಯಿಂದ ಕಳೆಯುತ್ತದೆ. ಎರಡನೆಯದೇ ಆಗುವುದು ಹೆಚ್ಚು.

ಸೈಕಲ್ಲೇ ಅಂಗಡಿಯಾದವರ ಸಂಗತಿ ಇನ್ನೊಂದು. ಪೆಡಲಿಗೆ ಸಾಣೆಕಲ್ಲು ಹೂಡಿ ಕತ್ತರಿ, ಕೊಡಲಿ ಹರಿತ ಮಾಡುವವನು, ಬೆಳಗಿನ ಪಾವ್ ಮಾರುವವನು, ಹಾಲಿನ ಕ್ಯಾನು ಇಳಿಬಿಟ್ಟವನು, ಕೊಡ-ಬುಟ್ಟಿ ಗುಡ್ಡೆ ಕಟ್ಟಿ ಹಿಂದಿನಿಂದ ಸವಾರನೇ ಕಾಣದಂತೆ ಹೊರಟವನು. ಇವರ ಬಾಡಿಗೆ ಶೂನ್ಯ, ಕರೆಂಟ್ ಬಿಲ್ ಶೂನ್ಯ, ಸರಕು ಮಾತ್ರ ಅದೇ ಬಜಾರಿನ ಹೋಲ್‌ಸೇಲ್ ಅಂಗಡಿಯದ್ದು. ಇವರನ್ನು ಅಡ್ಡಿ ಎಂದು ಬೀದಿಯಿಂದ ಎತ್ತಿಸಿದ ದಿನ ಹೋಲ್‌ಸೇಲಿನವನ ಮಾರಾಟವೂ ಅಷ್ಟು ಇಳಿಯುತ್ತದೆ.

ಅಗಲ ರಸ್ತೆಯೇ ವ್ಯಾಪಾರ ತರುತ್ತದೆ ಎಂಬ ಮಾತಿಗೆ ಬಾಗಲಕೋಟೆಯೇ ಪ್ರಯೋಗಶಾಲೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆಯ ಊರಿನ ತಗ್ಗು ಭಾಗಗಳು ಹೋದವು. ಸುಮಾರು ಐದು ಕಿಲೋಮೀಟರು ಆಚೆ ಸೆಕ್ಟರುಗಳ ನವನಗರ ಎದ್ದಿತು. ಅಲ್ಲಿ ರಸ್ತೆಗಳು ಅಗಲ, ನಿವೇಶನಗಳು ಅಚ್ಚುಕಟ್ಟು, ಗಾಡಿ ಹಚ್ಚಲು ಜಾಗಕ್ಕೆ ಬರವಿಲ್ಲ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಗಳೂ ಅಲ್ಲಿಗೇ ಬಂದವು. ಜಾಗವೇ ವ್ಯಾಪಾರದ ಬೇರಾಗಿದ್ದರೆ ಮುಳುಗಿ ಉಳಿದ ಹಳೆಯ ಪೇಟೆ ಅಂದೇ ಕದ ಹಾಕಬೇಕಿತ್ತು. ಇಂದಿಗೂ ಬಟ್ಟೆ, ಬಂಗಾರ, ಕಾಳುಕಡಿಗೆಂದು ನವನಗರದ ಮನೆಗಳೇ ಹಳೆಯ ಊರಿನ ಇಕ್ಕಟ್ಟಿನ ಓಣಿಗಳಿಗೆ ಬರುತ್ತವೆ. ಅಂಗಡಿಗೆ ಅಂಗಡಿ ಅಂಟಿದ್ದು, ಹತ್ತು ಹೆಜ್ಜೆಗೆ ಹತ್ತು ದರ ಕೇಳಬಹುದಾದದ್ದು ಅಲ್ಲಿಯ ಬಂಡವಾಳ. ಆ ಐದು ಕಿಲೋಮೀಟರು ಸೈಕಲ್ಲಿಗೆ ಇಪ್ಪತ್ತೈದು ನಿಮಿಷದ ಹಾದಿ. ಹಳೆಯ ಪೇಟೆಯನ್ನೂ ಅಗಲಿಸಿ ನವನಗರದಂತೆ ಮಾಡಬೇಕೆನ್ನುವವರು ತಮ್ಮ ಅಂಗಡಿಯ ಮುಂಭಾಗದ ಆರಡಿಯನ್ನು ರಸ್ತೆಗೆ ಕೊಟ್ಟು, ಗಿರಾಕಿಯನ್ನು ರಸ್ತೆಯ ಆಚೆ ಬದಿಗೆ ಕಳೆದುಕೊಳ್ಳುತ್ತಾರೆ.

ಬಾದಾಮಿಯಲ್ಲಿ ಪ್ರಶ್ನೆ ಪ್ರವಾಸಿಗಳದ್ದು. ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರು, ಇನ್ನೊಂದು ದಿಕ್ಕಿಗೆ ಬನಶಂಕರಿಯೂ ಅಷ್ಟೇ ದೂರ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರು. ಕಾರಿನ ಪ್ರವಾಸಿ ಬೆಳಿಗ್ಗೆ ಹೊಸಪೇಟೆಯಿಂದಲೋ ಹುಬ್ಬಳ್ಳಿಯಿಂದಲೋ ಬಂದು, ಮೇಣಬಸದಿ ಗುಹೆಗಳ ಮುಂದೆ ಗಾಡಿ ನಿಲ್ಲಿಸಿ, ಅಗಸ್ತ್ಯತೀರ್ಥ ಕೆರೆಯ ಫೋಟೋ ತೆಗೆದು, ಪಟ್ಟದಕಲ್ಲು, ಐಹೊಳೆ ಮುಗಿಸಿ ಸಂಜೆಗೆ ಜಿಲ್ಲೆಯನ್ನೇ ದಾಟಿರುತ್ತಾನೆ. ಊರಿಗೆ ಬಿಟ್ಟುಹೋಗುವುದು ಟಿಕೆಟ್ಟಿನ ಚೂರು ಮತ್ತು ನೀರಿನ ಬಾಟಲಿ. ಬಾಡಿಗೆ ಸೈಕಲ್ ತೆಗೆದುಕೊಂಡವನಿಗೆ ಆ ಅವಸರ ಸಾಧ್ಯವೇ ಇಲ್ಲ. ಪಟ್ಟದಕಲ್ಲಿಗೆ ಹೋಗಿಬರುವುದೇ ಒಂದು ದಿನ. ಹಾದಿಯಲ್ಲಿ ಎಳನೀರು, ಮೊಸರು-ರೊಟ್ಟಿ, ಮರುದಿನಕ್ಕೆ ಇನ್ನೊಂದು ರಾತ್ರಿಯ ಕೋಣೆ. ಮೈಸೂರು 2017ರಲ್ಲಿ 450 ಸೈಕಲ್ಲುಗಳ ಟ್ರಿಣ್ ಟ್ರಿಣ್ ಯೋಜನೆ ಹಾಕಿತು. ಬಾದಾಮಿಗೆ ಅಂಥ ಯಂತ್ರಗಳ ಸಾಲೂ ಬೇಕಿಲ್ಲ, ಹಳೆಯ ನೋಟ್‌ಬುಕ್ಕಿನ ಬಾಡಿಗೆ ಅಂಗಡಿಗಳು ನಾಲ್ಕಿದ್ದರೆ ಸಾಕು.

ಗಾಡಿ ಬಾಗಿಲಿಗೆ ಬಂದರಷ್ಟೇ ವ್ಯಾಪಾರ ಎಂಬುದನ್ನು ಬನಶಂಕರಿಯ ಜಾತ್ರೆ ಪ್ರತಿ ಬನದ ಹುಣ್ಣಿಮೆಗೂ ಸುಳ್ಳು ಮಾಡುತ್ತದೆ. ಗಾಡಿಗಳೆಲ್ಲ ದೂರದಲ್ಲೇ ನಿಲ್ಲುತ್ತವೆ, ಜನ ನಡೆಯುತ್ತಾರೆ, ಬಾಗಿಲು-ಚೌಕಟ್ಟಿನಿಂದ ಹಿಡಿದು ಬೆಂಡು-ಬತ್ತಾಸಿನವರೆಗೆ ಎಲ್ಲವೂ ಮಾರಾಟವಾಗುತ್ತದೆ, ನಾಟಕ ಕಂಪನಿಗಳ ಡೇರೆಗಳು ರಾತ್ರಿಯೆಲ್ಲ ತುಂಬಿರುತ್ತವೆ. ಚೌಕಟ್ಟು ಕೊಂಡವನು ಅದನ್ನು ಒಯ್ಯುವ ಉಪಾಯ ತಾನೇ ನೋಡಿಕೊಳ್ಳುತ್ತಾನೆ. 2023ರ ಜೂನ್ 11ರಂದು ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಿಂದ ಇಳಿದ ಅವರ ಗುಂಪುಗಳಿಗೂ ಪಾರ್ಕಿಂಗ್ ಬೇಕಾಗಿರಲಿಲ್ಲ. ಕುಂಕುಮ, ಬಳೆ, ಹೂವಿನ ಅಂಗಡಿಯವರು ಅದನ್ನು ಬಲ್ಲರು.

ಗಾಡಿಯಿಂದಲೇ ಬದುಕುವ ವ್ಯಾಪಾರವೂ ಇದೆ, ಅದನ್ನು ಮುಚ್ಚಿಟ್ಟು ವಾದ ಮಾಡಬಾರದು. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು ಹಾದಿಹೋಕರ ಕಾರು, ಬಸ್ಸುಗಳಿಂದ ಹೆಸರು ಗಳಿಸಿದ್ದು. ಮದುವೆಯ ಜವಳಿ ತೆಗೆಯಲು ಹದಿನೈದು ಜನ ಕ್ರೂಸರ್ ತುಂಬಿ ಇಳಕಲ್ಲಿಗೆ ಬರುತ್ತಾರೆ, ಸೈಕಲ್ಲಿನಲ್ಲಲ್ಲ. ಆದರೆ ಆ ಕ್ರೂಸರ್ ಅಂಗಡಿಯ ಬಾಗಿಲಲ್ಲಿ ಅರ್ಧ ದಿನ ನಿಲ್ಲಬೇಕಾಗಿಲ್ಲ. ಜನರನ್ನು ಇಳಿಸಿ ಊರ ಅಂಚಿಗೆ ಹೋದರೆ ಜವಳಿಯೇನೂ ಕೆಡುವುದಿಲ್ಲ. ಗಾಡಿ ಹೆಚ್ಚಿದಲ್ಲೆಲ್ಲ ವ್ಯಾಪಾರವೂ ಹೆಚ್ಚುವುದಿಲ್ಲ. ವಿಜಯಪುರ–ಹುನಗುಂದ, ಹುನಗುಂದ–ಹೊಸಪೇಟೆ ಹೆದ್ದಾರಿ ಚತುಷ್ಪಥವಾಗಿ ಗಾಡಿಗಳ ಸಂಖ್ಯೆ ಏರಿತು. ಎಂಬತ್ತರ ವೇಗದಲ್ಲಿ ಹೋಗುವವನಿಗೆ ಹುನಗುಂದ ಒಂದು ಹಸಿರು ಫಲಕ, ಅಷ್ಟೆ.

ಉಳಿದ ಆಕ್ಷೇಪಗಳಲ್ಲಿ ಬಿಸಿಲಿನದು ನಿಜವಾದದ್ದು. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ಮಧ್ಯಾಹ್ನ ಯಾರೂ ಸೈಕಲ್ ತುಳಿಯಲಾರರು. ಆ ಹೊತ್ತಿನಲ್ಲಿ ಬಜಾರೂ ತೂಕಡಿಸುತ್ತಿರುತ್ತದೆ. ವ್ಯಾಪಾರ ಬೆಳಗಿನದು, ಸಂಜೆಯದು. ರಸ್ತೆ ಅಗಲಿಸಲು ಬೇವಿನ ಮರ ಕಡಿದವರೇ ಬಿಸಿಲಿನ ಮಾತು ಎತ್ತುವುದು ಮಾತ್ರ ವಿಚಿತ್ರ. ಸೈಕಲ್ ತುಳಿದರೆ ಮರ್ಯಾದೆ ಕಡಿಮೆ ಎಂಬ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲಕ್ಕಿಂತ ಬಲವಾದದ್ದು ಅದೇ. ವಿಜಯಪುರ–ಬಾಗಲಕೋಟೆ ಸೀಮೆ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನು ಬೆಳೆಸಿದ ನೆಲ, ಜಾತ್ರೆಗಳಲ್ಲಿ ಕುಸ್ತಿಯ ಜೊತೆ ಸೈಕಲ್ ಶರ್ಯತ್ತು ಇಡುವ ನೆಲ. ಪದಕ ಗೆದ್ದ ಸೈಕಲ್ಲಿಗೆ ಹಾರ, ಸಂತೆಗೆ ಹೊರಟ ಸೈಕಲ್ಲಿಗೆ ಹಾರ್ನು. ಜೂನ್ 3ರ ವಿಶ್ವ ಸೈಕಲ್ ದಿನದಂದು ಜಾಥಾ ಹೊರಡುತ್ತದೆ, ಬ್ಯಾನರ್ ಹಿಡಿಯುತ್ತಾರೆ, ಫೋಟೋ ಆದ ಮೇಲೆ ಸೈಕಲ್ಲುಗಳನ್ನು ಟೆಂಪೋಕ್ಕೆ ಏರಿಸಿ ಅತಿಥಿಗಳು ಕಾರು ಹತ್ತುತ್ತಾರೆ.

ಬಜಾರು ತನ್ನ ಲಾಭಕ್ಕೇ ಮಾಡಿಕೊಳ್ಳಬೇಕಾದ ಕೆಲಸ ದೊಡ್ಡದಲ್ಲ. ಒಂದು ವಾರ ಅಂಗಡಿಯ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು, ಬಂದವರು ಹೇಗೆ ಬಂದರು, ಎಷ್ಟು ಕೊಂಡರು ಎಂದು ಬರೆಸುವುದು. ಸಂಜೆ ಐದರಿಂದ ಒಂಬತ್ತರವರೆಗೆ ಲಾರಿ, ಕಾರುಗಳನ್ನು ಪೇಟೆಯ ಹೊರಗೆ ತಡೆಯುವುದು. ಹತ್ತು ಅಂಗಡಿಗೊಂದರಂತೆ ಸೈಕಲ್ ಒರಗಿಸಲು ನೆರಳಿರುವ ಕಡೆ ಕಬ್ಬಿಣದ ಸರಳು ಹಾಕುವುದು. ಗಾಳಿ ತುಂಬುವ ಜಾಗ ನಾಲ್ಕು ಹೆಜ್ಜೆಯಲ್ಲಿ ಸಿಗುವಂತಿರುವುದು. ಇದರಲ್ಲಿ ಕೊನೆಯದು ಹೆಚ್ಚಿನ ಊರುಗಳಲ್ಲಿ ಆಗಲೇ ಇದೆ, ಬೇವಿನ ಮರದ ಕೆಳಗೆ, ಚರಂಡಿಯ ಕಲ್ಲಿನ ಮೇಲೆ, ಪಂಪು ಮತ್ತು ನೀರಿನ ಬುಟ್ಟಿಯ ಜೊತೆ. ರಸ್ತೆ ಅಗಲಿಸುವವರು ಸುಣ್ಣದ ಗೆರೆ ಎಳೆದ ದಿನ ಮೊದಲು ಎತ್ತಿಸುವುದೂ ಅದನ್ನೇ.